ಟರ್ಕಿಯ ಉದಾಹರಣೆ ಕೊಡುವ ಮುನ್ನ

ಏಕರೂಪ ನಾಗರಿಕ ಸಂಹಿತೆಯ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಟರ್ಕಿಯ ಹೆಸರು ಬರುತ್ತದೆ. 1948ರಷ್ಟು ಹಿಂದೆಯೇ ಸಂವಿಧಾನ ರಚನಾ ಸಭೆಯಲ್ಲಿ ಕೆ.ಎಂ. ಮುನ್ಷಿ ಅದನ್ನು ಉದಾಹರಿಸಿದ್ದರು. ಟರ್ಕಿಯ ನಾಗರಿಕ ಸಂಹಿತೆಯನ್ನು ಜಾರಿಗೆ ತಂದ ನ್ಯಾಯಮಂತ್ರಿ ಮಹಮೂತ್ ಎಸಾತ್ ಬೊಜ್‌ಕುರ್ಟ್ ಮಾತ್ರ ನಮ್ಮ ಚರ್ಚೆಯೊಳಗೆ ಬರುವುದೇ ಇಲ್ಲ. ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1892ರಲ್ಲಿ ಕುಶಾದಾಸಿಯಲ್ಲಿ ಹುಟ್ಟಿದ ಈತ ಇಸ್ತಾನ್‌ಬುಲ್‌ನಲ್ಲಿ ಕಾನೂನು ಓದಿ, ಸ್ವಿಟ್ಜರ್ಲೆಂಡ್‌ನಲ್ಲಿ ಡಾಕ್ಟರೇಟ್ ಮಾಡಿದ. ಆಟೋಮನ್ ನೆಲದಲ್ಲಿ ಯುರೋಪಿಯನ್ನರು ಅನುಭವಿಸುತ್ತಿದ್ದ ವಿಶೇಷ ಹಕ್ಕುಗಳೇ ಪ್ರಬಂಧದ ವಿಷಯ. ಇಸ್ತಾನ್‌ಬುಲ್‌ನಲ್ಲಿ ತಪ್ಪು ಮಾಡಿದ ವಿದೇಶಿಯನ್ನು ಎಷ್ಟೋ ಪ್ರಕರಣಗಳಲ್ಲಿ ಅವನದೇ ದೇಶದ ಕಾನ್ಸುಲ್ ವಿಚಾರಿಸುತ್ತಿದ್ದ ಕಾಲ ಅದು. ಆ ಅವಮಾನ ಈತನನ್ನು ಕಡೆಯವರೆಗೂ ಬಿಡಲಿಲ್ಲ. 1924ರಲ್ಲಿ ನ್ಯಾಯಮಂತ್ರಿಯಾದ.

1926ರ ಆಗಸ್ಟ್ 2ರ ರಾತ್ರಿ ನಡುಗಡಲಿನಲ್ಲಿ ಫ್ರಾನ್ಸ್‌ನ ‘ಲೋಟಸ್’ ಹಡಗು ಟರ್ಕಿಯ ‘ಬೊಜ್‌ಕುರ್ಟ್’ ಹಡಗಿಗೆ ಡಿಕ್ಕಿ ಹೊಡೆಯಿತು. ಎಂಟು ಮಂದಿ ಟರ್ಕರು ಸತ್ತರು. ಲೋಟಸ್ ಇಸ್ತಾನ್‌ಬುಲ್ ಮುಟ್ಟಿದಾಗ ಅದರ ಅಧಿಕಾರಿಯನ್ನು ಬಂಧಿಸಿ, ವಿಚಾರಿಸಿ, ಶಿಕ್ಷೆ ಕೊಟ್ಟರು. ನಡುಗಡಲಿನ ಘಟನೆಗೆ ತನ್ನ ಅಧಿಕಾರಿಯನ್ನು ವಿಚಾರಿಸುವ ಹಕ್ಕು ಟರ್ಕಿಗಿಲ್ಲವೆಂದು ಫ್ರಾನ್ಸ್ ಸಿಡಿದೆದ್ದಿತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಟರ್ಕಿಯ ಪರ ವಾದಿಸಲು ಮಂತ್ರಿಯೇ ಹೋಗಿ ನಿಂತ. 1927ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರ ಅಭಿಪ್ರಾಯ ಆರಕ್ಕೆ ಆರಾಗಿ ಒಡೆಯಿತು. ಅಧ್ಯಕ್ಷರ ನಿರ್ಣಾಯಕ ಮತದಿಂದ ಟರ್ಕಿ ಗೆದ್ದಿತು. 1934ರಲ್ಲಿ ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂಬ ಕಾನೂನು ಬಂದಾಗ ಮುಳುಗಿದ ಆ ಹಡಗಿನ ಹೆಸರನ್ನೇ ಈತ ತನ್ನದಾಗಿಸಿಕೊಂಡ. ವಸಾಹತು ಆಳ್ವಿಕೆ ಉಂಡ ನಾಡಿನವರಿಗೆ ಈ ಗೆಲುವಿನ ರುಚಿ ಬಿಡಿಸಿ ಹೇಳಬೇಕಿಲ್ಲ.

ಸ್ವಿಸ್ ಸಂಹಿತೆಯ ಮಾದರಿಯಲ್ಲಿ ನಾಗರಿಕ ಕಾನೂನು ಬಂದದ್ದೂ 1926ರಲ್ಲೇ. ಬಹುಪತ್ನಿತ್ವ ನಿಂತಿತು, ವಿಚ್ಛೇದನ ಕೇಳುವ ಹಕ್ಕು, ಆಸ್ತಿಯಲ್ಲಿ ಸಮಪಾಲು ಹೆಣ್ಣಿಗೆ ದಕ್ಕಿತು. ಇದು ದೊಡ್ಡ ಕೆಲಸ, ಅನುಮಾನವೇ ಇಲ್ಲ.

ಇದೇ ಮನುಷ್ಯ 1930ರಲ್ಲಿ ಓದೆಮಿಶ್ ಎಂಬ ಊರಿನ ಸಭೆಯಲ್ಲಿ, ಶುದ್ಧ ಟರ್ಕರಲ್ಲದವರಿಗೆ ಈ ದೇಶದಲ್ಲಿರುವುದು ಆಳಾಗಿ, ಗುಲಾಮರಾಗಿ ಬಾಳುವ ಹಕ್ಕೊಂದೇ ಎಂದ. ಪೂರ್ವದಲ್ಲಿ ಕುರ್ದರ ಬಂಡಾಯವನ್ನು ಸೇನೆ ಹೊಸಕಿಹಾಕುತ್ತಿದ್ದ ವರ್ಷ ಅದು. ಇದನ್ನು ಬಾಯ್ತಪ್ಪಿ ಬಂದ ಮಾತೆಂದು ತಳ್ಳಿಹಾಕಲು ನನಗಾಗದು. ಪರಕೀಯರ ಎದುರು ತನ್ನ ರಾಷ್ಟ್ರ ಸರಿಸಮ ನಿಲ್ಲಬೇಕೆಂಬ ಹಟವೇ ಅವನ ಕಾನೂನಿನ ಜೀವಾಳ. ಹೆಣ್ಣು ಆ ರಾಷ್ಟ್ರದ ಲೆಕ್ಕದೊಳಗೆ ಬಂದಳು, ಕುರ್ದ ಕುರ್ದನಾಗಿ ಬರಲಿಲ್ಲ.

ಟರ್ಕಿಯಲ್ಲಿ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಕಾನೂನಿಲ್ಲವೆಂಬುದೇ ಮುನ್ಷಿಯವರ ವಾದವಾಗಿತ್ತು. ಯುದ್ಧಾನಂತರದ ಲೊಸಾನ್ ಶಾಂತಿ ಒಪ್ಪಂದ ಕೊಟ್ಟಿದ್ದ ಪ್ರತ್ಯೇಕ ಕಾನೂನಿನ ಹಕ್ಕನ್ನು ಯಹೂದಿ, ಅರ್ಮೇನಿಯನ್, ಗ್ರೀಕ್ ಸಮುದಾಯಗಳು ಒತ್ತಡದ ನಡುವೆ ಬಿಟ್ಟುಕೊಟ್ಟಿದ್ದನ್ನೂ ಆ ವಾದದ ಜೊತೆಗೇ ಓದಬೇಕು. ಹೆಣ್ಣುಮಕ್ಕಳ ಪಾಲಿಗೂ ಸಂಹಿತೆ ಪೂರ್ಣವಾಗಿರಲಿಲ್ಲ. ಗಂಡನೇ ಮನೆಯ ಯಜಮಾನ ಎಂಬ ಕಲಮು ಅದರಲ್ಲಿ ಉಳಿದಿತ್ತು. ಟರ್ಕಿಯ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 2002ರಲ್ಲಿ ಜಾರಿಯಾದ ಹೊಸ ಸಂಹಿತೆಯಲ್ಲಿ ಅದು ತೊಲಗಿತು.