ಒಂಬತ್ತನೇ ಪ್ರಶ್ನೆ

ನಮ್ಮ ಕೇರಿಯಲ್ಲಿ ಹಸಿವಿಗೆ ಪ್ರತಿನಿಧಿ ಬೇಕಿರಲಿಲ್ಲ. ಯಾರ ಮನೆಯ ಸೂರಿನಿಂದ ಹೊಗೆ ಏಳಲಿಲ್ಲವೋ ಆ ಮನೆಯಲ್ಲಿ ಹಿಟ್ಟಿಲ್ಲ ಅಂತ ಇಡೀ ಕೇರಿಗೆ ಗೊತ್ತಾಗ್ತಿತ್ತು. ಪಕ್ಕದ ಮನೆಯಾಕೆ ಸೆರಗಿನ ಮರೆಯಲ್ಲಿ ಅರ್ಧ ಮುದ್ದೆ ತಂದು ಕೊಡ್ತಿದ್ದಳು. ಠರಾವಿಲ್ಲ, ಸಹಿಯಿಲ್ಲ, ಭಾಷಣವಿಲ್ಲ. ಆದರೆ ದೂರದ ರೋಮ್ ನಗರದಲ್ಲಿ ನಮ್ಮ ಹೊಟ್ಟೆಯ ಹೆಸರಿನಲ್ಲಿ ಒಂದು ಕುರ್ಚಿ ಇದೆ. ಅದರ ಮುಂದೆ 'ಭಾರತ' ಎಂಬ ಫಲಕ ಇದೆ. ಆ ಕುರ್ಚಿಯಲ್ಲಿ ಕೂತವರು ಯಾರ ಪರ ಮಾತಾಡ್ತಾರೆ? ನಮ್ಮಪ್ಪಂದಿರಿಗೆ ಹೆಬ್ಬೆಟ್ಟು ಒತ್ತೋದು ಮಾತ್ರ ಗೊತ್ತಿತ್ತು. ನಮಗೆ ಓದೋಕೆ ಬರ್ತದೆ. ಓದಿದ ಮೇಲೆ ಕೇಳದೆ ಇರೋಕೆ ಆಗಲ್ಲ.

ಮೊದಲು ಆ ಕುರ್ಚಿಯ ಕೆಲಸ ತಿಳಿಯೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಿದ್ದು 1945ರಲ್ಲಿ, ರೋಮಿಗೆ ಬಂದದ್ದು 1951ರಲ್ಲಿ. ಬರಗಾಲಕ್ಕೆ, ಯುದ್ಧಕ್ಕೆ ಸಿಕ್ಕವರಿಗೆ ಧಾನ್ಯ ಸಾಗಿಸುವ ವಿಶ್ವ ಆಹಾರ ಕಾರ್ಯಕ್ರಮವೂ, ಬಡ ರೈತರಿಗೆಂದು ಸಾಲ ಕೊಡುವ ಕೃಷಿ ಅಭಿವೃದ್ಧಿ ನಿಧಿಯೂ ಅಲ್ಲೇ ಇವೆ. ಇಟಲಿಗೆ ನಮ್ಮ ದೇಶದ ರಾಯಭಾರಿ ಆಗಿ ಹೋದವರೇ ಈ ಮೂರಕ್ಕೂ ಕಾಯಂ ಪ್ರತಿನಿಧಿ. ಒಂದು ಕೈಯಲ್ಲಿ ವ್ಯಾಪಾರ, ವೀಸಾ, ಮಂತ್ರಿಗಳ ಭೇಟಿ. ಇನ್ನೊಂದು ಕೈಯಲ್ಲಿ ಹಸಿವು. ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ದೊಡ್ಡ ದೇಶಕ್ಕೂ ಒಂದೇ ಓಟು, ಸಣ್ಣ ದೇಶಕ್ಕೂ ಒಂದೇ ಓಟು. ಸಾಲದ ನಿಧಿಯಲ್ಲಿ ಮಾತ್ರ ಹೆಚ್ಚು ದುಡ್ಡು ಹಾಕಿದವನಿಗೆ ಹೆಚ್ಚು ಓಟು. ಆದರೆ ಓಟಿನ ತನಕ ಮಾತು ಹೋಗುವುದೇ ಅಪರೂಪ. ಎಲ್ಲರೂ ಒಪ್ಪುವ ತನಕ ಒಂದೊಂದು ಶಬ್ದವನ್ನೂ ಜಗ್ಗಾಡುತ್ತಾರೆ. ಒಪ್ಪದ ಶಬ್ದವನ್ನು ಕಂಸದೊಳಗೆ ಕೂರಿಸುತ್ತಾರೆ. ಎಷ್ಟೋ ಜನರ ಹಸಿವು ಆ ಕಂಸದೊಳಗೇ ಸತ್ತಿದೆ.

ಆ ಕಟ್ಟಡ ಯಾರದು ಗೊತ್ತೇನು? ಮುಸೊಲಿನಿಯ ಸರ್ಕಾರ ಆಫ್ರಿಕದ ವಸಾಹತುಗಳನ್ನು ಆಳುವ ಮಂತ್ರಾಲಯಕ್ಕೆಂದು ಕಟ್ಟಲು ಹೊರಟ ಕಟ್ಟಡ ಅದು. ಇಥಿಯೋಪಿಯವನ್ನು ತುಳಿದು, ಆಕ್ಸಮ್ ಊರಿನಿಂದ 24 ಮೀಟರ್ ಎತ್ತರದ ಕಲ್ಲುಕಂಬ ಕಿತ್ತು ತಂದು 1937ರಲ್ಲಿ ಅದೇ ಜಾಗದ ಎದುರು ನೆಟ್ಟರು. ಮುಂದೆ ಅಲ್ಲಿಗೆ ಹಸಿವಿನ ಕಚೇರಿ ಬಂತು. 'ರೊಟ್ಟಿ ಆಗಲಿ' ಎಂದು ಲ್ಯಾಟಿನ್ನಿನಲ್ಲಿ ಧ್ಯೇಯವಾಕ್ಯ ಬರೆದುಕೊಂಡಿತು. 1984ರಲ್ಲಿ ಇಥಿಯೋಪಿಯದ ಜನ ಅನ್ನವಿಲ್ಲದೆ ಸಾಯುತ್ತಿದ್ದಾಗಲೂ ಅವರಿಂದ ಕದ್ದ ಕಲ್ಲು ಆ ಬಾಗಿಲಲ್ಲಿ ನಿಂತೇ ಇತ್ತು. ಬಿಚ್ಚಿ ಇಳಿಸಿದ್ದು 2003ರಲ್ಲಿ, ವಾಪಸ್ ಕಳಿಸಿದ್ದು 2005ರಲ್ಲಿ. ಜಗತ್ತಿನ ರಾಯಭಾರಿಗಳೆಲ್ಲ ಅದರ ನೆರಳಲ್ಲಿ ಕಾರು ಇಳಿದು ಒಳಗೆ ಹೋಗಿ ಹಸಿವಿನ ಮೇಲೆ ಮಾತಾಡಿದರು. ಉಳ್ಳವರ ಕರುಣೆಯ ಬಾಗಿಲಲ್ಲಿ ಯಾವಾಗಲೂ ಇಂಥದೊಂದು ಕದ್ದ ಕಲ್ಲು ಇರುತ್ತದೆ.

ಇದೇ ರೋಮಿನಲ್ಲಿ 1965ರ ನವೆಂಬರಿನಲ್ಲಿ ನಮ್ಮ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ಅಮೆರಿಕದ ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್ ಜೊತೆ ಕೂತರು. ನಮ್ಮ ಬೇಸಾಯ ಹೇಗಿರಬೇಕು, ಗೊಬ್ಬರಕ್ಕೆ ಎಷ್ಟು, ಬೀಜಕ್ಕೆ ಎಷ್ಟು ಅನ್ನುವ ಒಪ್ಪಂದ ಊರಿಗೆ ತಿಳಿಯದ ಹಾಗೆ ಆಯಿತು. 1966ರಲ್ಲಿ ಸುಮಾರು 1 ಕೋಟಿ ಟನ್ ಆಹಾರಧಾನ್ಯ ಹೊರಗಿನಿಂದ ಬಂತು. ಹೆಚ್ಚಿನದು ಅಮೆರಿಕದ್ದು. ಅಧ್ಯಕ್ಷ ಜಾನ್ಸನ್ ಹಗ್ಗ ಬಿಗಿಹಿಡಿದು, ಬೇಕೆಂದಾಗ ಸಡಿಲಿಸಿ ಹಡಗು ಬಿಡುತ್ತಿದ್ದ. ಆ ದೇಶದ ಗೋಧಿಯ ಉಪ್ಪಿಟ್ಟನ್ನು ನಮ್ಮಪ್ಪಂದಿರು ಶಾಲೆಯಲ್ಲಿ ತಿಂದರು. ಉಪ್ಪಿಟ್ಟು ಅಮೆರಿಕದ್ದು, ಕೂತ ಸಾಲು ಮಾತ್ರ ನಮ್ಮೂರಿನದು. ಊರ ಮಕ್ಕಳಿಗೆ ಒಳಗೆ, ಕೇರಿ ಮಕ್ಕಳಿಗೆ ಜಗಲಿ ಕೆಳಗೆ. ಬಡಿಸುವ ಕೈ ಎಲೆಗೆ ತಾಗದ ಹಾಗೆ ಮೇಲಿಂದ ಬೀಳಿಸುತ್ತಿತ್ತು. ಏಳು ಸಮುದ್ರ ದಾಟಿ ಬಂದ ಗೋಧಿಗೆ ಆ ಒಂದು ಮೊಳ ದಾಟೋಕೆ ಆಗಲಿಲ್ಲ.

ಈಗ ಕಾಲ ಬದಲಾಗಿದೆ ಅಂತಾರೆ. ಹೌದು, ಬದಲಾಗಿದೆ. 2022ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ಹಸಿದವರಿಗೆ 50,000 ಟನ್ ಗೋಧಿ ಕೊಡುವ ಒಪ್ಪಂದಕ್ಕೆ ನಮ್ಮ ರಾಯಭಾರಿ ರೋಮಿನಲ್ಲಿ ಸಹಿ ಹಾಕಿದರು. ಒಡ್ಡುತ್ತಿದ್ದ ಕೈ ನೀಡುವ ಕೈ ಆಯಿತು. ಒಳ್ಳೆಯ ಕೆಲಸ, ಇದನ್ನು ನಾವು ಹಂಗಿಸುವುದಿಲ್ಲ. ಹಸಿದವರ ಕಷ್ಟ ಹಸಿದವರಿಗೇ ಗೊತ್ತು.

ಇನ್ನು ರಾಗಿಯ ವಿಷಯ. 2018ರಲ್ಲಿ ಭಾರತದ ಮಾತಿಗೆ ರೋಮ್ ಒಪ್ಪಿತು, 2021ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು, 2023 ಸಿರಿಧಾನ್ಯಗಳ ವರ್ಷ ಆಯಿತು. ನಮ್ಮ ಮುದ್ದೆಗೆ ರೋಮಿನಲ್ಲಿ ಮಣೆ ಹಾಕಿದರು. ಕೇಳಿ ನಮಗೂ ಎದೆ ಉಬ್ಬಿತು, ಸುಳ್ಳು ಹೇಳಲ್ಲ. ಹಾಸ್ಟೆಲಿನಲ್ಲಿ ನಮ್ಮ ಬುತ್ತಿಯ ಮುದ್ದೆ ನೋಡಿ ಮೂಗು ಮುರಿದವರ ಮುಖ ನೆನಪಾಯಿತು. ಆದರೆ ಹೆಸರು ನೋಡಿ. ನಿನ್ನೆ ತೃಣಧಾನ್ಯ, ಅಂದರೆ ಹುಲ್ಲಿಗೆ ಸಮ. ಸರ್ಕಾರಿ ಕಡತದಲ್ಲಿ ಒರಟು ಧಾನ್ಯ. 2023ರ ಬಜೆಟ್ಟಿನಲ್ಲಿ ಅದೇ 'ಶ್ರೀ ಅನ್ನ'! ಕೇರಿಯ ತುತ್ತಿಗೆ ಜನಿವಾರ ಹಾಕಿಸಿದ ಮೇಲೆಯೇ ಅದು ದೇಶದ ಊಟ ಆಗಬೇಕಿತ್ತೆ? ರಾಗಿಯ ತವರು ಆಫ್ರಿಕದ ಎತ್ತರದ ನೆಲ, ಅದೇ ಇಥಿಯೋಪಿಯ, ಉಗಾಂಡದ ಕಡೆ. ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ತಳಿ ತಂದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ಅವರು ಯಾವ ರೋಮಿನ ವರ್ಷಕ್ಕೂ ಕಾಯಲಿಲ್ಲ. ಊರೂ ರಾಗಿ ಉಂಡಿತು, ಕೇರಿಯೂ ಉಂಡಿತು. ಹೊಲ ಮಾತ್ರ ಊರಿನದು. ಕುಯ್ದು, ಬಡಿದು, ತೂರಿ ಕೊಟ್ಟವಳು ನಮ್ಮವ್ವ. ರಾಗಿಗೆ ವರ್ಷ ಕೊಟ್ಟಿರಿ, ಸ್ವಾಮಿ. ನಮ್ಮವ್ವನಿಗೆ ಒಂದೆಕರೆ ಯಾವಾಗ ಕೊಡ್ತೀರಿ?

ಗೆಳೆಯರೇ, ಈಗ ಅಸಲು ಮಾತಿಗೆ ಬರೋಣ. ಹಸಿವನ್ನು ಅಳೆಯಲು ಆ ರೋಮಿನ ಸಂಸ್ಥೆ ಎಂಟು ಪ್ರಶ್ನೆ ಕೇಳುತ್ತದೆ. ಕಳೆದ 12 ತಿಂಗಳಲ್ಲಿ ಕೈಯಲ್ಲಿ ಕಾಸಿಲ್ಲದೆ ಊಟದ ಚಿಂತೆ ಆಗಿತ್ತಾ? ಒಂದು ಹೊತ್ತು ಬಿಟ್ಟಿರಾ? ಹಸಿದೂ ಉಣ್ಣದೆ ಇದ್ದಿರಾ? ಇಡೀ ದಿನ ಉಪವಾಸ ಬಿದ್ದಿರಾ? ಇಂಥವು. 2022ರಲ್ಲಿ ಜಾಗತಿಕ ಹಸಿವಿನ ಪಟ್ಟಿ ನಮ್ಮನ್ನು 121 ದೇಶಗಳಲ್ಲಿ 107ನೇ ಜಾಗದಲ್ಲಿ ಕೂರಿಸಿದಾಗ ದಿಲ್ಲಿ ಸರ್ಕಾರ ಸಿಟ್ಟಾಯಿತು. 3,000 ಜನರನ್ನು ಕೇಳಿ ಇಷ್ಟು ದೊಡ್ಡ ದೇಶವನ್ನು ಅಳೆಯಬಾರದು, ಈ ಎಂಟು ಪ್ರಶ್ನೆಯ ಲೆಕ್ಕ ಬಳಸಬಾರದು ಅಂತ ಆ ಸಂಸ್ಥೆಗೆ ತಾನು ಹೇಳಿರುವುದಾಗಿ ಪ್ರಕಟಿಸಿತು. ನಮ್ಮ ಹಸಿವಿನ ಪರ ವಾದ ಮಾಡಬೇಕಾದ ದೇಶ ಹಸಿವಿನ ಲೆಕ್ಕದ ವಿರುದ್ಧ ವಾದಕ್ಕೆ ನಿಂತಿತು!

3,000 ಕಡಿಮೆ, ನಾವೂ ಒಪ್ತೀವಿ. ಹಾಗಾದರೆ 3 ಕೋಟಿ ಜನರನ್ನು ಕೇಳಿ. ಬೇಡ ಅಂದವರು ಯಾರು? 80 ಕೋಟಿ ಜನಕ್ಕೆ ಪುಕ್ಕಟೆ ಧಾನ್ಯ ಕೊಡ್ತೀವಿ ಅಂತ ಬೀಗುವ ಬಾಯಿಯೇ ಹಸಿವಿನ ಪ್ರಶ್ನೆ ಕೇಳಬೇಡಿ ಅನ್ನುತ್ತದೆ. ಆ ಧಾನ್ಯ ನಾವೂ ಉಂಡಿದ್ದೇವೆ. ಅದು 2013ರ ಆಹಾರ ಭದ್ರತಾ ಕಾಯ್ದೆಯ ಹಕ್ಕು, ಯಾರಪ್ಪನ ದಾನವೂ ಅಲ್ಲ. ಉಂಡೆವು ಅನ್ನುವ ಕಾರಣಕ್ಕೆ ಹಸಿದಿದ್ದೆವು ಅನ್ನುವುದನ್ನು ಮರೆಯಬೇಕಾ?

ಎಂಟು ಪ್ರಶ್ನೆಯ ಮೇಲೆ ನಮ್ಮ ತಕರಾರೇ ಬೇರೆ. ಅದರಲ್ಲಿ ಒಂಬತ್ತನೆಯದು ಇಲ್ಲ. ನಿಮಗೆ ಎಲ್ಲಿ ಕೂರಿಸಿ ಬಡಿಸಿದರು? ಎಷ್ಟು ಎತ್ತರದಿಂದ ಬಡಿಸಿದರು? ಇದನ್ನು ಯಾರೂ ಕೇಳಲಿಲ್ಲ. ಇದು ಬರೀ ಮರ್ಯಾದೆಯ ಮಾತಲ್ಲ, ಹೊಟ್ಟೆಯ ಮಾತೇ. ನೆಲ ಇಲ್ಲದಿರುವುದು, ಬಾವಿಯ ನೀರು ದಕ್ಕದಿರುವುದು, ನಮ್ಮವ್ವ ಬೇಯಿಸಿದ್ದು ಮೈಲಿಗೆ ಆಗುವುದು, ಎಲ್ಲಕ್ಕೂ ಬೇರು ಒಂದೇ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ 2004ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಂದರೆ ಒಂಬತ್ತನೇ ಪ್ರಶ್ನೆ ಈ ದೇಶದ ದೊಡ್ಡ ನ್ಯಾಯಾಲಯಕ್ಕೆ ಗೊತ್ತು. ರೋಮಿನ ಕುರ್ಚಿಗೆ ಮಾತ್ರ ಗೊತ್ತಿಲ್ಲವೇ?

ಗೊತ್ತಿದೆ. ಗೊತ್ತಿದ್ದೇ ಬಾಯಿ ಬಿಡಲ್ಲ. 2001ರಲ್ಲಿ ಡರ್ಬನ್ನಿನ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯ ಮಾತು ಬರಲೇಬಾರದು ಅಂತ ನಮ್ಮ ಸರ್ಕಾರ ಪಟ್ಟು ಹಿಡಿಯಿತು. ಮನೆಯ ಗುಟ್ಟು ಬೀದಿಯಲ್ಲಿ ಬಿಚ್ಚಬಾರದಂತೆ, ರಾಯಭಾರಿಯ ಧರ್ಮವೇ ಅದಂತೆ. ಯಾರ ಮನೆ ಸ್ವಾಮಿ ಅದು? ನಮ್ಮನ್ನು ಜಗಲಿ ಹತ್ತಿಸದ ಮನೆಯ ಗುಟ್ಟನ್ನು ನಾವ್ಯಾಕೆ ಕಾಯಬೇಕು? ಅಲ್ಲಿ ಕೂತವರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಬಂಗಾಳದಲ್ಲಿ ಕ್ಷಾಮ ಪರಿಹಾರದ ಹೊಣೆ ಹೊತ್ತಿದ್ದ ಬಿ.ಆರ್. ಸೇನ್ 1956ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು, 1960ರಲ್ಲಿ ಹಸಿವಿನಿಂದ ಬಿಡುಗಡೆಯ ಚಳವಳಿ ಶುರು ಮಾಡಿದರು. ಹೆಣ ಕಂಡ ಕಣ್ಣು ಸುಮ್ಮನಿರಲಿಲ್ಲ. ಕಂಡವರೇ ಇಷ್ಟು ಮಾತಾಡಬಹುದಾದರೆ ಉಪವಾಸ ಉಂಡವರು ಎಷ್ಟು ಮಾತಾಡಬಹುದು?

ಬಾಗಿಲು ಪೂರ್ತಿ ಮುಚ್ಚಿಲ್ಲ. ರೋಮಿನ ವಿಶ್ವ ಆಹಾರ ಭದ್ರತಾ ಸಮಿತಿ 2009ರಲ್ಲಿ ತನ್ನ ನಡಾವಳಿ ಬದಲಿಸಿತು. ಸಣ್ಣ ರೈತರು, ಭೂಹೀನರು, ಕೂಲಿಗಳ ಸಂಘಟನೆಗಳು ಒಳಗೆ ಕೂತು ಮಾತಾಡಬಹುದು. ಓಟಿಲ್ಲ, ಬಾಯಿ ಇದೆ. ನಮಗೆ ಬಾಯಿ ಸಾಕು, ಸದ್ಯಕ್ಕೆ.

ಆದ್ದರಿಂದ ನಾವು ಕೇಳುವುದು ಮೂರು. ನಮ್ಮ ಹೆಸರಿನಲ್ಲಿ ರೋಮಿನಲ್ಲಿ ಆಡಿದ ಪ್ರತಿ ಮಾತೂ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಅಲ್ಲಿಗೆ ಹೋಗುವ ತಂಡದಲ್ಲಿ ಭೂಮಿ ಇಲ್ಲದ ಒಬ್ಬ ಕೂಲಿ ಹೆಂಗಸು ಇರಲಿ. ಅವಳ ಮಾತನ್ನು ಬೇರೆ ಭಾಷೆಗೆ ತಿರುಗಿಸುವ ಕೆಲಸಕ್ಕೆ ಡಿಗ್ರಿ ಹಿಡಿದು ಕೂತ ನಾವಿದ್ದೇವೆ. ಹಸಿವಿನ ಲೆಕ್ಕದಲ್ಲಿ ಜಾತಿಯ ಕಲಂ ಇರಲಿ.

ಆ ಹೆಂಗಸು ಫಲಕದ ಹಿಂದಿನ ಕುರ್ಚಿಯಲ್ಲಿ ಕೂತ ದಿನ ಎಂಟು ಪ್ರಶ್ನೆಗೂ ತಡವರಿಸದೆ ಉತ್ತರ ಹೇಳುತ್ತಾಳೆ. ಆಮೇಲೆ ಒಂಬತ್ತನೆಯದನ್ನು ಅವಳೇ ಕೇಳುತ್ತಾಳೆ. ಅದಕ್ಕೆ ಉತ್ತರ ಹೇಳಬೇಕಾದವರು ಈಗಿನಿಂದಲೇ ತಯಾರಾಗಲಿ.