ಹಿಂದಿನ ಚಕ್ರ ಜಾರಿದಾಗ

ದುಬಾರಿ ಬೆಲೆಯ ವಾಹನವೆಂದರೆ ಸುರಕ್ಷಿತ ವಾಹನವೆಂದೇ ಅರ್ಥ ಎಂಬ ನಂಬಿಕೆ ನಮ್ಮ ಕುಟುಂಬಗಳಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆಯನ್ನು ಅಲುಗಾಡಿಸಿದ ಪ್ರಸಂಗವೊಂದು 2010ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ನಡೆಯಿತು.

ಅಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಪತ್ರಿಕೆಯಿದೆ. ಜಾಹೀರಾತುಗಳನ್ನು ಸ್ವೀಕರಿಸದ ಈ ಪತ್ರಿಕೆಯು ಪರೀಕ್ಷೆಗೆಂದು ಕಾರುಗಳನ್ನು ತನ್ನ ಹಣದಿಂದಲೇ ಕೊಳ್ಳುತ್ತದೆ. ಪುಕ್ಕಟೆಯಾಗಿ ದೊರೆತ ವಾಹನವನ್ನು ಎರಡು ದಿನ ಓಡಿಸಿ ಹೊಗಳಿ ಬರೆಯುವವರು ಗಮನಿಸಬೇಕಾದ ಪದ್ಧತಿಯಿದು. ಟೊಯೋಟಾ ಸಂಸ್ಥೆಯ ಲೆಕ್ಸಸ್ ಜಿಎಕ್ಸ್ 460 ಎಂಬ ಎತ್ತರದ ಐಷಾರಾಮಿ ವಾಹನವನ್ನು ಕನೆಕ್ಟಿಕಟ್ ರಾಜ್ಯದ ತನ್ನ ಪರೀಕ್ಷಾ ಪಥದಲ್ಲಿ ಓಡಿಸಿ ನೋಡಿದ ಪತ್ರಿಕೆಯು, ಏಪ್ರಿಲ್ 13ರಂದು ‘ಕೊಳ್ಳಬೇಡಿ’ ಎಂದೇ ಸಾರಿಬಿಟ್ಟಿತು. ಕಂಪನಿಯು ಅಂದೇ ಅದರ ಮಾರಾಟವನ್ನು ತಡೆಹಿಡಿಯಿತು.

ದೋಷವಾದರೂ ಏನು? ತಿರುವಿನಲ್ಲಿ ವೇಗ ಹೆಚ್ಚಾಯಿತೆಂದು ಅರಿತ ಚಾಲಕನು ಗಾಬರಿಯಿಂದ ಆಕ್ಸಿಲರೇಟರ್ ಮೇಲಿನ ಕಾಲನ್ನು ತೆಗೆಯುತ್ತಾನೆ. ಯಾರಾದರೂ ಮಾಡುವುದು ಅದನ್ನೇ. ಆಗ ವಾಹನದ ಭಾರವು ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳು ಹಗುರಾಗಿ, ಹಿಡಿತ ತಪ್ಪಿ ಹೊರಕ್ಕೆ ಜಾರತೊಡಗುತ್ತವೆ. ಇದನ್ನು ತಡೆಯಲೆಂದೇ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇರುವುದು. ಚಕ್ರಗಳ ವೇಗ, ಸ್ಟೀರಿಂಗ್ ತಿರುಗಿದ ಕೋನ, ವಾಹನದ ಮೈ ಹೊರಳುತ್ತಿರುವ ಗತಿ ಇವುಗಳನ್ನು ಸಂವೇದಕಗಳ ಮೂಲಕ ಅರಿತು, ಅಗತ್ಯವಾದ ಚಕ್ರಕ್ಕಷ್ಟೇ ಬ್ರೇಕ್ ಹಾಕಿ, ಎಂಜಿನ್ನಿನ ಬಲವನ್ನೂ ತಗ್ಗಿಸಿ ಅದು ವಾಹನವನ್ನು ದಾರಿಗೆ ತರುತ್ತದೆ. ಕೆಸರಿನಲ್ಲಿ ಸುಮ್ಮನೆ ಗಿರಕಿ ಹೊಡೆಯುವ ಚಕ್ರವನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದರ ಸೋದರ.

ಲೆಕ್ಸಸ್‌ನಲ್ಲಿ ಈ ವ್ಯವಸ್ಥೆ ಇರಲಿಲ್ಲವೆಂದಲ್ಲ, ಇತ್ತು. ಆದರೆ ತಡವಾಗಿ ಎಚ್ಚರಗೊಳ್ಳುತ್ತಿತ್ತು. ಅದು ಬ್ರೇಕ್ ಹಾಕುವಷ್ಟರಲ್ಲಿ ವಾಹನವು ಬಹುತೇಕ ಅಡ್ಡಲಾಗಿ ತಿರುಗಿರುತ್ತಿತ್ತು. ಎತ್ತರದ ವಾಹನದ ಹಿಂಚಕ್ರವು ಆ ಸ್ಥಿತಿಯಲ್ಲಿ ರಸ್ತೆಯಂಚಿನ ಕಲ್ಲಿಗೆ ತಗುಲಿದರೆ ಮಗುಚುವ ಭಯವುಂಟು.

ಆ ವರ್ಷದ ಆರಂಭದಲ್ಲೇ ಆಕ್ಸಿಲರೇಟರ್ ದೋಷದ ದೂರುಗಳಿಂದ ಟೊಯೋಟಾ ನಲುಗಿತ್ತು. ಅಧ್ಯಕ್ಷ ಅಕಿಯೊ ಟೊಯೋಡಾ ಅವರೇ ಫೆಬ್ರವರಿ 24ರಂದು ಅಮೆರಿಕದ ಸಂಸದೀಯ ಸಮಿತಿಯೆದುರು ಉತ್ತರಿಸಬೇಕಾಯಿತು. ಈ ಬಾರಿ ಸಂಸ್ಥೆ ತಡಮಾಡಲಿಲ್ಲ. ಏಪ್ರಿಲ್ 19ರಂದು ಅಮೆರಿಕದ ಸುಮಾರು 9,400 ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ತಿದ್ದಿದ್ದು ಕಬ್ಬಿಣವನ್ನಲ್ಲ, ನಿಯಂತ್ರಣದ ತಂತ್ರಾಂಶವನ್ನು. ಮರುಪರೀಕ್ಷೆ ನಡೆಸಿದ ಪತ್ರಿಕೆಯು ಮೇ 7ರಂದು ತನ್ನ ಎಚ್ಚರಿಕೆಯನ್ನು ತೆಗೆದುಹಾಕಿತು. ಈ ದೋಷದಿಂದ ಯಾರಿಗಾದರೂ ಗಾಯವಾದ ವರದಿ ಆ ಪತ್ರಿಕೆಗೆ ಬಂದಿರಲಿಲ್ಲ. ಅಪಘಾತಕ್ಕೆ ಕಾಯದೆ ದೋಷ ಹುಡುಕಿದ್ದೇ ಇಲ್ಲಿ ನನಗೆ ಮುಖ್ಯವೆನಿಸುತ್ತದೆ.

ಇಂತಹ ವ್ಯವಸ್ಥೆಯಿರುವ ಕಾರು ನಿಮ್ಮ ಮನೆಯಲ್ಲಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಪುಟ್ಟ ದೀಪವನ್ನು ಗುರುತಿಸಿಟ್ಟುಕೊಳ್ಳಿರಿ. ಓಡುವಾಗ ಅದು ಮಿನುಗಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆಯೆಂದು ಅರ್ಥ, ಕೂಡಲೆ ನಿಧಾನಿಸಿರಿ. ಆರದೆ ಉರಿಯುತ್ತಲೇ ಇದ್ದರೆ, ಯಾರಾದರೂ ಗುಂಡಿಯೊತ್ತಿ ವ್ಯವಸ್ಥೆಯನ್ನು ನಿಲ್ಲಿಸಿದ್ದಾರೆಯೇ ಎಂದು ಮೊದಲು ನೋಡಿ, ಹಾಗಿಲ್ಲವಾದರೆ ವಾಹನವನ್ನು ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಹಳೆಯ ವಾಹನ ಕೊಳ್ಳುವವರು, ಕಂಪನಿ ಹಿಂದಕ್ಕೆ ಕರೆಸಿದ್ದಾಗ ದುರಸ್ತಿ ಮಾಡಿಸಲಾಗಿದೆಯೇ ಎಂದು ಚಾಸಿ ಸಂಖ್ಯೆ ಕೊಟ್ಟು ವಿಚಾರಿಸುವುದು ಒಳ್ಳೆಯದು.