‘ಕೊಡಲಾಗದು’ ಎನ್ನಬಲ್ಲ ಜಾಲತಾಣ ಬೇಕು

ಮಳೆಗಾಲ ಮುಗಿದು ರಸ್ತೆಯ ಹೊಂಡಗಳಿಗೆ ಮಣ್ಣು ಬೀಳುವ ಹೊತ್ತಿಗೆ ಮಲೆನಾಡಿನತ್ತ ಪ್ರವಾಸಿಗರ ವಾಹನಗಳು ಏರತೊಡಗುತ್ತವೆ. ಈಚಿನ ವರ್ಷಗಳಲ್ಲಿ ಆ ಸಾಲಿನೊಳಗೆ ಹಸಿರು ನಂಬರ್ ಪ್ಲೇಟಿನ ಕಾರು, ಸ್ಕೂಟರುಗಳೂ ಸೇರಿಕೊಂಡಿವೆ. ಹೊಗೆಯುಗುಳದ, ಸದ್ದು ಮಾಡದ ಈ ವಾಹನಗಳ ಬಗ್ಗೆ ಘಟ್ಟದ ಜನರಲ್ಲಿ ಆದರವಿರುವುದು ಸಹಜ. ತೊಡಕು ಎದುರಾಗುವುದು ರಾತ್ರಿ, ಹೋಂಸ್ಟೇಯ ಅಂಗಳದಲ್ಲಿ. ಬಂದವರ ಕೈಯಲ್ಲಿ ಒಂದು ಬಗೆಯ ಪ್ಲಗ್ಗು, ಮನೆಯ ಗೋಡೆಯಲ್ಲಿ ಇನ್ನೊಂದು ಬಗೆಯ ಸಾಕೆಟ್ಟು.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿಗೆ ಈ ತೊಂದರೆ ಇರಲಿಲ್ಲ. ಮನೆಯ ಸಾಧಾರಣ 15 ಆಂಪಿಯರ್ ಸಾಕೆಟ್ಟೇ ಅದಕ್ಕೆ ಸಾಕಾಗಿತ್ತು. ವಾಹನಗಳು ದೊಡ್ಡವಾದಂತೆ ಪ್ಲಗ್ಗುಗಳ ಜಾತಿಗಳೂ ಹೆಚ್ಚಿದವು. ಸರ್ಕಾರದ ಮೊದಲ ಮಾನದಂಡವಾದ ಭಾರತ್ ಎಸಿ-001 ಚಾರ್ಜರಿನಲ್ಲಿ ಕಾರ್ಖಾನೆಗಳಲ್ಲಿ ಕಾಣುವಂಥ ದುಂಡನೆಯ ಸಾಕೆಟ್ಟುಗಳಿವೆ. ಅದೇ ಕಾಲದ ಭಾರತ್ ಡಿಸಿ-001 ಚಾರ್ಜರಿಗೆ ಚೀನಾದ ಮಾದರಿಯ ಒಂಬತ್ತು ಪಿನ್ನುಗಳ ಪ್ಲಗ್ಗು. ಇಂದಿನ ಹೆಚ್ಚಿನ ಕಾರುಗಳದ್ದು ಯುರೋಪಿನಿಂದ ಬಂದ ಸಿಸಿಎಸ್-2. ಸ್ಕೂಟರುಗಳ ಕಥೆಯಂತೂ ಕಂಪನಿಗೊಂದು. ಎಥರ್ ಕಂಪನಿಯ ಕನೆಕ್ಟರನ್ನು ಆಧರಿಸಿ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿದ್ದರೂ ಎಲ್ಲ ತಯಾರಕರೂ ಅದನ್ನು ಒಪ್ಪಿಕೊಂಡಿಲ್ಲ.

ಈ ಗೊಂದಲದ ನಡುವೆ ಅಡಾಪ್ಟರುಗಳನ್ನು ಬಾಡಿಗೆಗೆ ಕೊಡುವ ಸೇವೆಯ ವಿಚಾರ ಸಮಂಜಸವಾದದ್ದೇ. ವರ್ಷಕ್ಕೆ ಎರಡು ಸಲ ಘಟ್ಟ ಹತ್ತುವ ಕುಟುಂಬವೊಂದು ಸಾವಿರಾರು ರೂಪಾಯಿ ಕೊಟ್ಟು ತಾಮ್ರ, ಪ್ಲಾಸ್ಟಿಕ್ಕಿನ ಗಂಟೊಂದನ್ನು ಕೊಂಡು ಉಳಿದ ದಿನಗಳಲ್ಲಿ ಕಪಾಟಿನಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಮದುವೆಗೆ ಊರಿನ ಹಂಡೆ, ಜಮಖಾನಗಳನ್ನು ತಂದು ಮರಳಿಸುವ ವಾಡಿಕೆ ಇರುವ ನಾಡಿಗೆ ಇದು ಹೊಸ ಪಾಠವೂ ಅಲ್ಲ. ಆದರೆ ಹಂಡೆಗೂ ಅಡಾಪ್ಟರಿಗೂ ಒಂದು ವ್ಯತ್ಯಾಸವಿದೆ. ಹಂಡೆ ಒಯ್ದವರು ತಪ್ಪಾಗಿ ಬಳಸಿದರೆ ಅನ್ನ ಸೀಯಬಹುದು. ಅಡಾಪ್ಟರ್ ಒಯ್ದವರು ತಪ್ಪಾಗಿ ಬಳಸಿದರೆ ಬೇರೆಯವರ ಮನೆ ಸುಡಬಹುದು. ಹಾಗಾಗಿ ಇಂಥ ಸೇವೆಯ ಜಾಲತಾಣವನ್ನು ರೂಪಿಸುವುದನ್ನು ಬಣ್ಣ, ಚಿತ್ರ, ಅಕ್ಷರ ವಿನ್ಯಾಸದ ಕೆಲಸವೆಂದಷ್ಟೇ ತಿಳಿಯಲಾಗದು. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ತೀರ್ಮಾನ ನಡೆಯುವ ಜಾಗವೇ ಅದು.

ಕಾರಿನ ಜೊತೆ ಬರುವ ಸಣ್ಣ ಚಾರ್ಜರ್ ಸುಮಾರು 3.3 ಕಿಲೋವಾಟ್ ಎಳೆಯುತ್ತದೆ. ಅಂದರೆ 14 ಆಂಪಿಯರಿಗೂ ಮೇಲೆ. ಗೀಸರ್ ಸಹ ಅಷ್ಟೇ ಎಳೆಯಬಹುದು, ಆದರೆ ಅರ್ಧ ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. 30 ಯೂನಿಟ್ಟಿನ ಬ್ಯಾಟರಿ ತುಂಬಲು ಇಡೀ ರಾತ್ರಿ ಬೇಕು. ಹಳೆಯ ಹೆಂಚಿನ ಮನೆಯ 5 ಆಂಪಿಯರ್ ಸಾಕೆಟ್ಟಿಗೆ ಪೇಟೆಯಲ್ಲಿ ಸಿಗುವ ಕನ್ವರ್ಷನ್ ಪ್ಲಗ್ಗು ಸಿಕ್ಕಿಸಿ ಇಷ್ಟನ್ನು ಎಳೆದರೆ ಗೋಡೆಯೊಳಗಿನ ತೆಳು ತಂತಿ ಮೊದಲು ಬಿಸಿಯಾಗುತ್ತದೆ, ಆಮೇಲೆ ಅದರ ಹೊದಿಕೆ ಕರಗುತ್ತದೆ. ಮರದ ಜಂತೆ, ಅಟ್ಟದ ಮೇಲೆ ಒಣ ಅಡಿಕೆ, ಪಕ್ಕದಲ್ಲಿ ಕೊಟ್ಟಿಗೆ ಇರುವ ಮನೆಗಳಲ್ಲಿ ಮುಂದಿನದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಲೆನಾಡಿನ ಅನೇಕ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಉಪ್ಪು, ಇದ್ದಿಲು ಹಾಕಿ ಗುಂಡಿ ತೋಡಿದವರು ಹೋಗಿ ದಶಕಗಳಾಗಿರುತ್ತವೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿದರೆ ಇದ್ದ ಅರ್ಥಿಂಗೂ ಕೆಲಸ ಮಾಡುವುದಿಲ್ಲ. ಅಂಥ ಮನೆಯಲ್ಲಿ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಅದು ಚಾರ್ಜರಿನ ದೋಷವಲ್ಲ, ಎಚ್ಚರಿಕೆ. ಈ ಎಚ್ಚರಿಕೆಯನ್ನು ಮೋಸಗೊಳಿಸಲೆಂದೇ ಪ್ಲಗ್ಗಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನುಗಳನ್ನು ಒಂದುಗೂಡಿಸಿದ ಸಣ್ಣ ಅಡಾಪ್ಟರ್ ಚಲಾವಣೆಯಲ್ಲಿದೆ. ಅದನ್ನು ಸಿಕ್ಕಿಸಿದರೆ ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಎಲ್ಲರೂ ನೆಮ್ಮದಿಯಿಂದ ಮಲಗುತ್ತಾರೆ. ಆದರೆ ಆ ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ, ಅಥವಾ ಗಾಳಿಮಳೆಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಹರಿದರೆ, 230 ವೋಲ್ಟ್ ವಿದ್ಯುತ್ ಕಾರಿನ ಲೋಹದ ಮೈಗೇ ಹರಿಯಬಹುದು. ಬೆಳಗ್ಗೆ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಡೆದು ಬಂದು ಆ ಕಾರನ್ನು ಮುಟ್ಟುವವರು ಪ್ರವಾಸಿಗರೇ ಆಗಬೇಕೆಂದಿಲ್ಲ. ಹಾಲು ಕರೆಯಲು ಹೊರಟ ಮನೆಯವರಾಗಬಹುದು, ಶಾಲೆಗೆ ಹೊರಟ ಮಗುವಾಗಬಹುದು.

ಆದ್ದರಿಂದ ಜಾಲತಾಣದ ಮೊದಲ ಪುಟದಲ್ಲಿ ಇರಬೇಕಾದದ್ದು ‘ಈಗಲೇ ಕಾಯ್ದಿರಿಸಿ’ ಎಂಬ ಗುಂಡಿಯಲ್ಲ. ನಿಮ್ಮ ವಾಹನ ಯಾವುದು, ಹೋಗುವ ಊರು ಯಾವುದು, ಅಲ್ಲಿಯ ಸಾಕೆಟ್ಟು ಹೇಗಿದೆ ಎಂಬ ಮೂರು ಪ್ರಶ್ನೆಗಳು. ಹೆಚ್ಚಿನವರಿಗೆ ಪ್ಲಗ್ಗಿನ ಹೆಸರು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗೆರೆಚಿತ್ರಗಳನ್ನು ಸಾಲಾಗಿ ಇಟ್ಟು, ರಂಧ್ರಗಳನ್ನು ಎಣಿಸಿ ಗುರುತಿಸುವಂತೆ ಮಾಡಿದರೆ ಸಾಕು. ಉತ್ತರ ಸಿಕ್ಕ ಮೇಲೆ ಪುಟ ಸ್ಪಷ್ಟವಾಗಿ ಹೇಳಬೇಕು: ನಿಮಗೆ ಇಂಥದ್ದು ಬೇಕು, ಅಥವಾ ನಿಮಗೆ ಅಡಾಪ್ಟರೇ ಬೇಡ, ಅಥವಾ ಈ ಜೋಡಣೆಗೆ ಅಡಾಪ್ಟರ್ ಕೊಡಲಾಗದು. ಮೂರನೆಯ ಉತ್ತರವನ್ನು ಹೇಳುವ ಧೈರ್ಯ ಇಲ್ಲದ ಸೇವೆ ಘಟ್ಟಕ್ಕೆ ಬಾರದಿರುವುದೇ ಒಳ್ಳೆಯದು. ದುಂಡನೆಯ ಕಾರ್ಖಾನೆ ಸಾಕೆಟ್ಟಿನಿಂದ 15 ಆಂಪಿಯರಿನ ಮೂರು ಪಿನ್ನಿಗೆ ಬದಲಿಸುವ ಒಳ್ಳೆಯ ಅಡಾಪ್ಟರನ್ನು ಧಾರಾಳವಾಗಿ ಕೊಡಲಿ. ಅರ್ಥಿಂಗ್ ಮರೆಮಾಚುವ ಪ್ಲಗ್ಗು ಪಟ್ಟಿಯಲ್ಲೇ ಇರಕೂಡದು, ಅದು ಏಕಿಲ್ಲವೆಂಬ ಕಾರಣ ಮಾತ್ರ ಎದ್ದುಕಾಣುವಂತೆ ಇರಬೇಕು.

ಅಡಾಪ್ಟರುಗಳ ಲೆಕ್ಕ ಇಡುವುದೂ ಜಾಲತಾಣದ ಹೊಣೆ. ಅಮೆರಿಕದಲ್ಲಿ 2024ರ ಫೆಬ್ರುವರಿಯಲ್ಲಿ ಟೆಸ್ಲಾದ ಚಾರ್ಜಿಂಗ್ ಕೇಂದ್ರಗಳು ಫೋರ್ಡ್ ಕಾರುಗಳಿಗೆ ತೆರೆದುಕೊಂಡಾಗ ಅಡಾಪ್ಟರಿಗಾಗಿ ಜನ ತಿಂಗಳುಗಟ್ಟಲೆ ಕಾಯಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ತಾನು ಕೊಟ್ಟ ಅಡಾಪ್ಟರುಗಳಲ್ಲಿ ಕೆಲವನ್ನು ಬಳಸಬೇಡಿ, ಬದಲಿ ಕಳಿಸುತ್ತೇವೆ ಎಂದು ಫೋರ್ಡ್ ಕಂಪನಿಯೇ ಹೇಳಬೇಕಾಯಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾಗುವುದಾದರೆ, ಹತ್ತಾರು ಕೈ ದಾಟುವ ಬಾಡಿಗೆಯ ವಸ್ತುವಿಗೆ ಸಂಖ್ಯೆ ಇರಲೇಬೇಕು. ಯಾವ ಸಂಖ್ಯೆಯದು ಯಾರ ಬಳಿ ಇದೆ, ಕೊನೆಯ ಸಲ ಯಾವಾಗ ಪರೀಕ್ಷೆಯಾಯಿತು, ಪಿನ್ನು ಕಪ್ಪಾಗಿತ್ತೇ ಎಂಬುದು ಬಾಡಿಗೆದಾರರಿಗೂ ಕಾಣುವಂತಿರಬೇಕು.

ಇಷ್ಟೆಲ್ಲ ಮಾಡಿಯೂ ಪುಟ ತೆರೆಯದಿದ್ದರೆ ಏನು ಪ್ರಯೋಜನ? ನಗರದ ಕಚೇರಿಗಳಲ್ಲಿ ಕುಳಿತು ರೂಪಿಸುವ ತಾಣಗಳಿಗೆ ದೊಡ್ಡ ಛಾಯಾಚಿತ್ರ, ಓಡುವ ವಿಡಿಯೋ, ಕರಗಿ ಮೂಡುವ ಅಕ್ಷರಗಳ ಮೋಹ ಹೆಚ್ಚು. ಚಾರ್ಮಾಡಿಯ ತಿರುವಿನಲ್ಲಿ ಸಿಗ್ನಲ್ಲಿನ ಒಂದು ಗೆರೆ ಹಿಡಿದು ನಿಂತವರಿಗೆ ಇವು ಯಾವುವೂ ಬೇಡ. ಪುಟದಲ್ಲಿ ಅಕ್ಷರವೇ ಮುಖ್ಯವಾಗಿರಲಿ, ಒಮ್ಮೆ ತೆರೆದದ್ದು ಸಂಪರ್ಕ ಕಡಿದ ಮೇಲೂ ಫೋನಿನಲ್ಲಿ ಉಳಿಯಲಿ, ದೂರವಾಣಿ ಸಂಖ್ಯೆ ಎಲ್ಲಕ್ಕಿಂತ ಮೇಲಿರಲಿ. ಕನ್ನಡವೂ ಅಲ್ಲಿ ಪೂರ್ಣವಾಗಿ ಇರಬೇಕು. ಕನ್ನಡದ ಸೂಚನೆಯನ್ನು ಚಿತ್ರವಾಗಿ ಅಂಟಿಸುವ ಅಭ್ಯಾಸ ಈಗಲೂ ಹೋಗಿಲ್ಲ. ಅದು ಭಾರವೂ ಹೌದು, ಹುಡುಕಿದರೆ ಸಿಗುವುದೂ ಇಲ್ಲ. ಎಚ್ಚರಿಕೆಯ ಮಾತುಗಳು ಇಂಗ್ಲಿಷಿನಲ್ಲೂ ಬೆಲೆಪಟ್ಟಿ ಮಾತ್ರ ಕನ್ನಡದಲ್ಲೂ ಇರುವ ತಾಣ ಯಾರ ಹಿತ ಕಾಯುತ್ತದೆಂದು ಬೇರೆ ಹೇಳಬೇಕಿಲ್ಲ.

ವಸ್ತುವನ್ನು ತಲುಪಿಸಲು ಕೊರಿಯರಿನ ವ್ಯಾನು ಘಟ್ಟಕ್ಕೆ ಪ್ರತ್ಯೇಕವಾಗಿ ಓಡಬೇಕಾಗಿಲ್ಲ. ಹೇಗೂ ಬರುವ ಸರ್ಕಾರಿ ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ, ನಿಲ್ದಾಣದ ಅಂಗಡಿಯಲ್ಲಿ ಇಡಬಹುದು.

ಇನ್ನು ಮನೆಯವರ ಪಾಲು. ವಾಹನ ಚಾರ್ಜ್ ಮಾಡಿಕೊಡಲು ಪರವಾನಗಿ ಬೇಕಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಬಾಡಿಗೆ ಸೇವೆಗಳು ಮಾತನಾಡುವುದು ವಾಹನದವರೊಂದಿಗೆ ಮಾತ್ರ. ಸಾಕೆಟ್ಟು ಯಾರದೋ ಅವರನ್ನು ಕೇಳುವವರಿಲ್ಲ. ತಾಣದಲ್ಲಿ ಆತಿಥೇಯರಿಗಾಗಿಯೇ ಒಂದು ಪುಟ ಇರಲಿ: ತಮ್ಮ ಮನೆಯ ಸಾಕೆಟ್ಟಿನ ಬಗೆ, ತಂತಿಯ ದಪ್ಪ, ಅರ್ಥಿಂಗ್ ಅಳೆದ ದಿನಾಂಕ ಬರೆದಿಡಲು, ಬೇಡವೆನ್ನಿಸಿದರೆ ಇಲ್ಲವೆನ್ನಲು. ಅರ್ಥಿಂಗ್ ಅಳೆಯುವ ಮೀಟರ್ ದೊಡ್ಡ ಬೆಲೆಯದ್ದಲ್ಲ. ಘಟ್ಟದ ಪಟ್ಟಣಗಳ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ, ಮಣ್ಣು ತೀರ ಒಣಗಿರುವ ಆ ವಾರಗಳಲ್ಲೇ, ಮನೆಮನೆಗೆ ಹೋಗಿ ಅಳೆದು ಬರೆದರೆ ಅಂಥ ಪುಟದ ಮೊದಲ ಪಟ್ಟಿ ಮಳೆಗಾಲಕ್ಕೆ ಮುಂಚೆಯೇ ಸಿದ್ಧವಾಗುತ್ತದೆ.